ಐದು ಲೀಟರಿನ ಕುಕ್ಕರು

ಎರಡು ಸಾವಿರದ ಇಸವಿಯ ಮೇ ತಿಂಗಳ ಮೂರನೆಯ ಶನಿವಾರ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಡಬ್ಲಿನ್ನಿನ ಒಂದು ಹೊಚ್ಚ ಹೊಸ ಮನೆಯ ಫ್ಯಾಮಿಲಿ ರೂಮಿನಲ್ಲಿ ಆರು ಜನ ಸೇರಿ ತೀರ್ಮಾನಿಸಬೇಕಾಗಿದ್ದ ವಿಷಯ ಸಾಮಾನ್ಯವಾದುದಲ್ಲ. ಇದಕ್ಕಿಂತ ಸಣ್ಣ ಮಾತಿಗೆ ರಾಜ್ಯಗಳು ಒಡೆದಿವೆ, ಇದರ ಅರ್ಧದಷ್ಟು ಮಾತಿಗೆ ನಿಶ್ಚಯವಾದ ಮದುವೆಗಳು ಮುರಿದಿವೆ. ಮೆಡಿಟರೇನಿಯನ್ ಸಮುದ್ರದ ಕ್ರೀಟ್ ದ್ವೀಪಕ್ಕೆ ಒಯ್ಯಬೇಕಾದ ಪ್ರೆಶರ್ ಕುಕ್ಕರು ಮೂರು ಲೀಟರಿನದೋ ಐದು ಲೀಟರಿನದೋ?

ಮನೆಯ ಯಜಮಾನ ಜಯರಾಜ್ ತಯಾರಿಸಿದ್ದ ಎಕ್ಸೆಲ್ ಶೀಟಿನಲ್ಲಿ ಇದು ನಾಲ್ಕನೆಯ ಬಾಬತ್ತು. ವಿಮಾನ, ಮನೆ, ಬಾಡಿಗೆ ಕಾರು, ಈ ಮೂರೂ ಹತ್ತು ನಿಮಿಷದಲ್ಲಿ ಮುಗಿದಿದ್ದವು. ಕುಕ್ಕರು ಒಂದು ಗಂಟೆ ತಿಂದಿತು.

"ಮೂರು ಲೀಟರ್ ಸಾಕು ಮಾರಾಯ್ರೆ," ಎಂದ ಅಜಿತ್. ಅವನೂ ಅವನ ಹೆಂಡತಿ ನೀತಾಳೂ ಸ್ಯಾನ್ ಮಟಿಯೋದಿಂದ ಬಂದಿದ್ದರು. "ಹೋಗುದು ಏಳು ದಿವಸಕ್ಕೆ. ಅಲ್ಲೆಂತ ಹೋಟ್ಲು ಇಲ್ವಾ?"

"ಹೋಟ್ಲಲ್ಲಿ ಎಂತ ಉಂಟು? ಆಲಿವ್ ಕಾಯಿ, ಚೀಸು. ಎರಡನೇ ದಿನ ನೀವೇ ಅನ್ನ ಸಾರು ಅಂತ ಕೂಗ್ತೀರಿ," ಎಂದಳು ಜಯರಾಜನ ಹೆಂಡತಿ ವಿಮಲಾ. "ಯೆಲ್ಲೋಸ್ಟೋನಲ್ಲಿ ಬಿಸಿನೀರಿನ ಬುಗ್ಗೆ ಮೇಲೆ ಹಾರುವ ಹೊತ್ತಿಗೆ ಸರಿಯಾಗಿ, ಕುಕ್ಕರ್ ಎಷ್ಟು ವಿಷಲ್ ಆಯ್ತು ಅಂತ ಕೇಳಿದ್ದು ಯಾರು?"

ಎಲ್ಲರೂ ನಕ್ಕರು. ಸೋಫಾದ ತುದಿಯಲ್ಲಿ ಕೂತಿದ್ದ ಬಂಗಾರೆವ್ವನೂ ನಕ್ಕಳು, ಉಳಿದವರಿಗಿಂತ ಒಂದು ಕ್ಷಣ ತಡವಾಗಿ. ಹೊಸಬರು ಹಾಗೆಯೇ ನಗುವುದು. ಮೊದಲು ಉಳಿದವರ ಮುಖ ನೋಡಿಕೊಳ್ಳಬೇಕಾಗುತ್ತದೆ. ಆಮೇಲೆ ಅವಳು ಧೈರ್ಯ ಮಾಡಿ ಹೇಳಿದಳು:

"ನಮ್ಮನ್ಯಾಗ ಐದು ಲೀಟರಿಂದು ಐತ್ರಿ ಅಕ್ಕಾರ. ಗದಗಿಂದ ತಂದದ್ದು. ಒಂದ್ ಸಲಾನೂ ಕೈ ಕೊಟ್ಟಿಲ್ಲ."

ಐದೂ ಮುಖಗಳು ಅವಳ ಕಡೆ ತಿರುಗಿದವು. ಅಮೆರಿಕಕ್ಕೆ ಬಂದು ಹದಿನಾರು ತಿಂಗಳಾಗಿತ್ತು. ಅಷ್ಟು ಪ್ರೀತಿಯಿಂದ ಅವಳನ್ನು ಯಾರೂ ನೋಡಿರಲಿಲ್ಲ.

"ನೋಡಿ, ಪ್ರಾಬ್ಲಮ್ ಸಾಲ್ವ್ಡ್!" ಎಂದು ಜಯರಾಜ್ ಲ್ಯಾಪ್‌ಟಾಪಿನಲ್ಲಿ ಆ ಸಾಲಿಗೆ ಹಸಿರು ಬಣ್ಣ ಬಳಿದ. ಕುಕ್ಕರಿನ ಎದುರು 'ಬಂಗಾರಿ' ಎಂದು ಬಿತ್ತು.

ಬಂಗಾರೆವ್ವ ಅಜ್ಜಿಯ ಹೆಸರು ಹೊತ್ತವಳು. ಇಪ್ಪತ್ತೆಂಟು ವರ್ಷದವಳಿಗೆ ಆ ಹೆಸರು ಸ್ವಲ್ಪ ದೊಡ್ಡದಾಯಿತೆಂದು ಡಬ್ಲಿನ್ನಿನವರು ಅದನ್ನು ಕತ್ತರಿಸಿ ಬಂಗಾರಿ ಮಾಡಿಕೊಂಡಿದ್ದರು. ಗದಗಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆರು ವರ್ಷ ಗುಮಾಸ್ತೆಯಾಗಿದ್ದು, ಕೇದಾರನನ್ನು ಮದುವೆಯಾಗಿ, ಅವನ ಹಿಂದೆ ಬೆರ್ರಿಯೆಸಾದ ಎರಡನೇ ಮಹಡಿಯ ಅಪಾರ್ಟ್‌ಮೆಂಟಿಗೆ ಬಂದಳು. ಕೇದಾರ ಜಯರಾಜನ ಕೈಕೆಳಗೆ ಸ್ಯಾನ್ ಮಟಿಯೋದ ಒಂದು ಡಾಟ್ ಕಾಮಿನಲ್ಲಿ ಕೆಲಸ ಮಾಡುತ್ತಿದ್ದ. ಆ ಕಂಪನಿ ಏನು ಮಾರುತ್ತದೆಂದು ಅವಳು ಮೂರು ಸಲ ಕೇಳಿದ್ದಳು. ಮೂರು ಸಲವೂ ಬೇರೆ ಬೇರೆ ಉತ್ತರ ಬಂದಿತ್ತು. ಅವಳಿಗೆ ಇದ್ದದ್ದು ಅವಲಂಬಿತರ ವೀಸಾ. ಇರಬಹುದು, ಏನೂ ಮಾಡುವಂತಿಲ್ಲ ಎಂಬುದು ಅದರ ತಾತ್ಪರ್ಯ. ಕಿಟಕಿಯಿಂದ ಕಾರು ನಿಲ್ಲಿಸುವ ತಗಡಿನ ಚಪ್ಪರ ಕಾಣುತ್ತಿತ್ತು. ಹದಿನಾರು ತಿಂಗಳು ಅವಳು ಅದನ್ನು ನೋಡಿದಳು.

ಹಾಗಾಗಿ ಮೇ ತಿಂಗಳ ಮೊದಲ ವಾರ ವಿಮಲಾ ಫೋನು ಮಾಡಿ, "ಆಗಸ್ಟಿಗೆ ನಾವೆಲ್ಲ ಗ್ರೀಸ್ ಕಡೆ ಒಂದು ಐಲ್ಯಾಂಡಿಗೆ ಹೋಗುವ ಅಂತ. ನೀವೂ ಬರ್ಲೇಬೇಕು," ಎಂದಾಗ ಬಂಗಾರೆವ್ವ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹವಾಯಿಗೆ ಎಲ್ಲರೂ ಹೋಗುತ್ತಾರೆ, ಹೋಗಿ ಬಂದವರ ಫೋಟೋ ನೋಡಿ ನೋಡಿ ಸಾಕಾಗಿದೆ, ಈಗ ನಮ್ಮ ಫೋಟೋ ಅವರು ನೋಡಲಿ ಎಂಬುದು ವಿಮಲಾಳ ವಾದವಾಗಿತ್ತು. ಬಂಗಾರೆವ್ವನಿಗೆ ವಾದ ಬೇಕಿರಲಿಲ್ಲ. ಗದಗಿಗೆ ಸಮುದ್ರವಿಲ್ಲ. ಇಲ್ಲಿ ಬಂದ ಮೇಲೆ ಹಾಫ್ ಮೂನ್ ಬೇ ಎಂಬ ಕಡಲತೀರಕ್ಕೆ ಒಮ್ಮೆ ಹೋದಾಗ ಸ್ವೆಟರಿನ ಮೇಲೆ ಜಾಕೆಟ್ಟು ಹಾಕಿಕೊಂಡು, ಅಲೆ ಎಳೆದುಕೊಂಡು ಹೋಗುತ್ತದೆಂಬ ಬೋರ್ಡಿನ ಪಕ್ಕ ನಿಂತು, ಹೆಬ್ಬೆರಳು ಅದ್ದಿ, ಕಿರುಚಿ ವಾಪಸ್ಸು ಬಂದಿದ್ದಳು. ಜಯರಾಜ್ ಪ್ರಿಂಟು ತೆಗೆದಿದ್ದ ಫೋಟೋಗಳಲ್ಲಿ ಕ್ರೀಟಿನ ನೀರು ಬಿಳಿ ಬಟ್ಟೆಗೆ ನೀಲಿ ಕಲಸಿದ ಬಕೆಟ್ಟಿನ ಹಾಗಿತ್ತು.

"ಸೊಂಟದ ಮಟ ನೀರಾಗ ನಿಂದರಬೇಕ್ರಿ," ಎಂದಿದ್ದಳು ಗಂಡನಿಗೆ. "ಬಿಸಿಲಾಗ. ನಾಕು ಮಂದಿ ಕೂಡ ಮಾತಾಡಕೋತ."

ಅವಳಿಗೆ ಬೇಕಾಗಿದ್ದದ್ದು ಇಷ್ಟೆ. ಇದರಲ್ಲಿ ಯಾವುದು ಹೆಚ್ಚು ಬೇಕಾಗಿತ್ತು, ನೀರೋ ನಾಲ್ಕು ಮಂದಿಯೋ, ಅವಳನ್ನೇ ಕೇಳಿದ್ದರೂ ಹೇಳುತ್ತಿರಲಿಲ್ಲ.

ಕೆಲಸಗಳ ಹಂಚಿಕೆಯಾಯಿತು. ವಿಮಲಾ, ನೀತಾ ಇಬ್ಬರೂ ಕೆಲಸಕ್ಕೆ ಹೋಗುವವರು. "ಬಂಗಾರಿ, ನೀವು ಹೇಗೂ ಮನೇಲೇ ಇರ್ತೀರಲ್ಲ," ಎಂದಳು ವಿಮಲಾ. ಆ ಒಂದು ವಾಕ್ಯದ ಬೆನ್ನ ಮೇಲೆ ವೀಸಾ ಅರ್ಜಿಗಳನ್ನು ತುಂಬುವುದು, ಟ್ರೇನು ಹಿಡಿದು ಸ್ಯಾನ್ ಫ್ರಾನ್ಸಿಸ್ಕೋದ ಗ್ರೀಕ್ ಕಾನ್ಸುಲೇಟಿಗೆ ಹೋಗಿ ಬರುವುದು, ಒಂದೊಂದು ಗಂಡ ಹೆಂಡಿರ ಜೋಡಿಗೆ ಒಂದೊಂದರಂತೆ ಎಲ್ಲ ಕಾಗದಗಳ ಫೈಲು ಮಾಡುವುದು, ಎಲ್ಲವೂ ಅವಳ ಪಾಲಿಗೆ ಬಂದವು. ಅವಳಿಗೆ ಬೇಸರವಾಗಲಿಲ್ಲ. ಆರು ಪಾಸ್‌ಪೋರ್ಟುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಕಾರು ಹತ್ತಿದಾಗ ಆರು ವರ್ಷದ ನೌಕರಿ ಮರಳಿ ಬಂದ ಹಾಗಾಯಿತು. ಏಳನೆಯದು ಜಯರಾಜನ ಮಗಳು ಆಶ್ರಿತಾಳದು. ಏಳು ವರ್ಷದ ಅವಳು ಇಲ್ಲೇ ಹುಟ್ಟಿದವಳಾದ್ದರಿಂದ ಅದು ನೀಲಿ ಬಣ್ಣದ್ದು, ಅದಕ್ಕೆ ಯಾವ ಅರ್ಜಿಯೂ ಬೇಕಿರಲಿಲ್ಲ.

ಗದಗಿನ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಜಗನ್ನಾಥ ಅವಳಿಗೆ ಎರಡು ಪಾಠ ಹೇಳಿಕೊಟ್ಟಿದ್ದ. ಒಂದು: ಅರ್ಜಿ ಕೊಡದವನಿಗೆ ಉತ್ತರವಿಲ್ಲ. ಕಚೇರಿಯ ಕಟ್ಟೆಯ ಮೇಲೆ ಒಬ್ಬ ತಪ್ಪು ಪತ್ರ ಹಿಡಿದು ಮೂರು ದಿನ ಕೂತರೂ ಅವನಾಗಿ ಕೇಳದೆ ಹೇಳಬಾರದು. ಹೇಳಿದರೆ ನಾಳೆ ನಾಲ್ವರು ಬರುತ್ತಾರೆ. ಇನ್ನೊಂದು: ನೋಟೀಸು ಅಂಟಿಸಿದರೆ ತಲುಪಿದ ಹಾಗೆ. ಅಲ್ಲಿ ನೋಟೀಸು ಬೋರ್ಡು ಇದ್ದದ್ದು ಬಾಗಿಲಿನ ಹಿಂದೆ. ಬಾಗಿಲು ಸದಾ ತೆರೆದಿರುತ್ತಿದ್ದುದರಿಂದ ಬೋರ್ಡು ಸದಾ ಮುಚ್ಚಿರುತ್ತಿತ್ತು. ಅದರ ಮೇಲೆ ಅಂಟಿಸಿ, ತಾರೀಕು ಬರೆದು, ಸಹಿ ಹಾಕಿದರೆ ಆಯಿತು. ಹೊಲ ಕಳೆದುಕೊಂಡವನು ಆಮೇಲೆ ಬಂದು ಬಾಯಿ ಬಾಯಿ ಬಡಿದುಕೊಂಡರೂ ಕಾನೂನಿನ ಪ್ರಕಾರ ಅವನಿಗೆ ಗೊತ್ತಿತ್ತು. ಹಾಗೆ ಅವಳು ಎಷ್ಟೋ ನೋಟೀಸು ಅಂಟಿಸಿದ್ದಳು. ಒಮ್ಮೆ ಒಬ್ಬ ಮುದುಕಿ ಅವಳ ಮೇಜಿನ ಮುಂದೆ ಅತ್ತದ್ದೂ ಇತ್ತು. ಆದರೆ ಆ ಪಾಠಗಳನ್ನು ಗದಗಿನಲ್ಲೇ ಬಿಟ್ಟು ಬಂದೆನೆಂದು ಅವಳು ತಿಳಿದಿದ್ದಳು.

ಕಾಗದದ ಹಿಂದುಮುಂದು ಎರಡೂ ಓದುವ ಚಟವನ್ನು ಮಾತ್ರ ಬಿಟ್ಟಿರಲಿಲ್ಲ. ಅರ್ಜಿ ತುಂಬಲು ಪಾಸ್‌ಪೋರ್ಟು ಬಿಚ್ಚಿದಾಗ ಅವಳಿಗೆ ಕಂಡದ್ದು ಇದು: ಜಯರಾಜ್, ವಿಮಲಾ ಇಬ್ಬರ ಅಮೆರಿಕದ ವೀಸಾದ ತಾರೀಕು ತೊಂಬತ್ತೆಂಟರಲ್ಲೇ ಮುಗಿದಿತ್ತು. ಅಜಿತ್, ನೀತಾ ಅವರದು ಹೋದ ನವೆಂಬರಿನಲ್ಲಿ. ಇಲ್ಲಿ ಇದ್ದು ಕೆಲಸ ಮಾಡಲು ಅನುಮತಿ ಮುಂದುವರಿಸಿದ ಕಾಗದ ಎಲ್ಲರ ಬಳಿಯೂ ಇತ್ತು. ಆದರೆ ಅದು ಇರುವುದಕ್ಕೆ. ಹೊರಗೆ ಹೋದವರು ಮತ್ತೆ ಒಳಗೆ ಬರಲು ಪಾಸ್‌ಪೋರ್ಟಿನಲ್ಲಿ ಸ್ಟ್ಯಾಂಪು ಬೇಕು. ಕೇದಾರ, ಬಂಗಾರೆವ್ವ ಹೊಸಬರಾದ್ದರಿಂದ ಅವರಿಬ್ಬರ ಸ್ಟ್ಯಾಂಪು ಇನ್ನೂ ಒಂದೂವರೆ ವರ್ಷ ನಡೆಯುತ್ತಿತ್ತು.

ಗ್ರೀಕ್ ಕಾನ್ಸುಲೇಟಿನವರಿಗೆ ಬೇಕಾಗಿದ್ದದ್ದು ಆ ಮುಂದುವರಿಕೆಯ ಕಾಗದವಷ್ಟೇ. ಅದನ್ನು ನೋಡಿ ಆರು ಜನರಿಗೂ ಅವರು ತಮ್ಮ ವೀಸಾ ಒತ್ತಿ ಕೊಟ್ಟರು. ದ್ವೀಪದ ಒಳಗೆ ಬರುವವರ ಚಿಂತೆ ಅವರದು, ಅಲ್ಲಿಂದ ಎಲ್ಲಿಗೆ ಹೋಗುತ್ತಾರೆಂಬುದಲ್ಲ.

ಜೂನಿನ ಮೀಟಿಂಗು ಅಜಿತನ ಅಪಾರ್ಟ್‌ಮೆಂಟಿನಲ್ಲಿ ನಡೆಯಿತು. ಬಂಗಾರೆವ್ವ ಮೂವತ್ತು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿಕೊಂಡು ಹೋಗಿದ್ದಳು. ಪಾಸ್‌ಪೋರ್ಟುಗಳನ್ನು ಅವರವರ ಕೈಗೆ ಕೊಡುತ್ತ ಹೇಳಿದಳು:

"ಅಣ್ಣಾರ, ಒಂದ್ ಮಾತ್ರಿ. ನಿಮ್ಮ ಅಮೆರಿಕಾದ್ದ ಸ್ಟ್ಯಾಂಪ್ ಮುಗದೈತಲ್ರಿ. ತಿರುಗಿ ಬರೂ ಮುಂದ..."

"ಓಹೋ!" ಎಂದ ಜಯರಾಜ್, ರೊಟ್ಟಿ ಮುರಿಯುತ್ತ. "ಕೇದಾರ, ನಿನ್ನ ಹೆಂಡತಿ ಲಾಯರ್ ಅಂತ ಹೇಳ್ಲೇ ಇಲ್ವಲ್ಲ ಮಾರಾಯ!"

"ಅಲ್ರೀ, ನಾ ಬರೇ—"

"ಮಂಡೆಬಿಸಿ ಬೇಡ ಬಂಗಾರಿಯವರೇ. ನಾವು ಹೋದ ವರ್ಷ ಮೆಕ್ಸಿಕೋಕ್ಕೆ ಹೋಗಿ ಬಂದವರು. ಆಗಲೂ ಸ್ಟ್ಯಾಂಪ್ ಎಕ್ಸ್‌ಪೈರ್ ಆಗಿತ್ತು. ಮೂವತ್ತು ದಿನದ ಒಳಗೆ ಬಂದ್ರೆ ಸ್ಟ್ಯಾಂಪ್ ಬೇಡ, ಆ ಪೇಪರ್ ಸಾಕು. ಬಾರ್ಡರಿನವ ನೋಡಿ, ಹ್ಯಾವ್ ಎ ನೈಸ್ ಡೇ ಅಂದ."

"ಆದ್ರ ಅದು ಮೆಕ್ಸಿಕೋರೀ..."

"ಮೆಕ್ಸಿಕೋ ಫಾರಿನ್ ಅಲ್ವಾ?" ಎಂದ ಅಜಿತ್. "ಮತ್ತೆ ನಿಮ್ಮ ಹುಬ್ಬಳ್ಳಿ ತಾಲ್ಲೂಕಾ?"

ನಗೆ ಎದ್ದಿತು. ಕೇದಾರನೂ ನಕ್ಕ, ಮ್ಯಾನೇಜರು ನಗುವಾಗ ನಗದಿರುವುದು ಅವನ ಕಾಂಟ್ರಾಕ್ಟಿನಲ್ಲಿ ಇರಲಿಲ್ಲ.

"ನೀವು ಫಾರ್ಮ್ ತುಂಬಿದ್ರೆ ಸಾಕು," ಎಂದು ಜಯರಾಜ್ ಮುಗಿಸಿದ. "ಅರ್ಥ ಮಾಡ್ಕೊಳ್ಳುವ ಕೆಲಸ ನಮಗೆ ಬಿಡಿ. ಎಣ್ಣೆಗಾಯಿ ಇನ್ನು ಸ್ವಲ್ಪ ಉಂಟಾ?"

ಅವಮಾನವಾಯಿತು. ಆದರೆ ಬಂಗಾರೆವ್ವನಿಗೆ ಆಗಿನ್ನೂ ಅವರ ಮೇಲೆ ಸಿಟ್ಟು ಬಂದಿರಲಿಲ್ಲ. ನಾಲ್ಕು ಮಂದಿಯ ಹಾಸ್ಯಕ್ಕೆ ಒಳಗಾಗುವುದು ನಾಲ್ಕು ಮಂದಿಯ ಒಳಗೆ ಸೇರುವ ಮೊದಲ ಮೆಟ್ಟಿಲೆಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅವರು ಸಿಕ್ಕಿಹಾಕಿಕೊಳ್ಳಬಾರದೆಂಬ ಕಳಕಳಿ ಉಳಿದಿತ್ತು. ಕೇದಾರನ ಕಂಪ್ಯೂಟರಿನ ಮುಂದೆ ಮೂರು ಮಧ್ಯಾಹ್ನ ಕೂತಳು. ಮೋಡೆಮ್ಮು ಕಿರುಗುಟ್ಟಿ, ಕೊರಗಿ, ಕಡೆಗೆ ಸರ್ಕಾರದ ಪುಟ ತೆರೆಯಿತು. ಮೂವತ್ತು ದಿನದ ರಿಯಾಯಿತಿ ನಿಜವೇ ಆಗಿತ್ತು. ಜಯರಾಜ್ ಮೊದಲರ್ಧ ಓದಿದ್ದ. ಕೆಲಸದ ವೀಸಾದವರಿಗೆ ಅದು ಕೆನಡಾ, ಮೆಕ್ಸಿಕೋ ಎಂಬ ಎರಡು ದೇಶಗಳಿಗೆ ಮಾತ್ರ ಎಂದು ಎರಡನೆಯ ಅರ್ಧ ಹೇಳುತ್ತಿತ್ತು. ಅದರ ಕೆಳಗೆ ಪರಿಹಾರವೂ ಇತ್ತು: ಪಾಸ್‌ಪೋರ್ಟನ್ನು ಸೇಂಟ್ ಲೂಯಿಸ್ ಎಂಬ ಊರಿಗೆ ಅಂಚೆಯಲ್ಲಿ ಕಳಿಸಿದರೆ ಐದಾರು ವಾರದಲ್ಲಿ ಹೊಸ ಸ್ಟ್ಯಾಂಪು ಹಾಕಿ ಕಳಿಸುತ್ತಾರೆ. ಲೆಕ್ಕ ಹಾಕಿದಳು. ಜುಲೈ ಒಂದಕ್ಕೆ ಕಳಿಸಿದರೆ ಹೊರಡುವ ದಿನಕ್ಕೆ ಕೈಗೆ ಬರುತ್ತದೆ.

ಪುಟವನ್ನು ಪ್ರಿಂಟು ತೆಗೆದು, ಆ ಎರಡು ದೇಶಗಳ ಹೆಸರಿನ ಕೆಳಗೆ ಗೆರೆ ಎಳೆದು, ನಾಲ್ಕಾಗಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡು ಅವಳು ಜುಲೈ ಒಂದನೆಯ ತಾರೀಕು ಡಬ್ಲಿನ್ನಿಗೆ ಹೋದಳು. ಊಟವಾದ ಮೇಲೆ, ಎಲ್ಲರೂ ಖುಷಿಯಾಗಿರುವಾಗ, ವಿಮಲಾಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೊಡಬೇಕೆಂದುಕೊಂಡಿದ್ದಳು.

ಅಂದಿನ ಬಾಬತ್ತು ಕೋಣೆಗಳದು. ಕ್ರೀಟಿನಲ್ಲಿ ಹಿಡಿದಿದ್ದ ಮನೆಯ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದ್ದರು. ಬಂಗಾರೆವ್ವ ಅಡಿಗೆಯ ಕಟ್ಟೆಯ ಬಳಿ ನಿಂತು ಹಪ್ಪಳ ಕರಿಯುತ್ತಿದ್ದಳು. ಬಂದ ಹತ್ತು ನಿಮಿಷಕ್ಕೆ ಬಾಣಲೆ ಹೇಗೋ ಅವಳ ಕೈಗೆ ಬಂದಿತ್ತು. ಕೇದಾರ, ಅಜಿತ್ ಹೊರಗೆ ಬಾರ್ಬೆಕ್ಯೂ ಜೋಡಿಸುತ್ತಿದ್ದರು. ಮೇಜಿನ ಸುತ್ತ ಇದ್ದ ಜಯರಾಜ್, ವಿಮಲಾ, ನೀತಾ ತುಳುವಿಗೆ ಇಳಿದರು.

ಇದು ಅವರ ರೂಢಿ. ಉತ್ತರ ಕರ್ನಾಟಕದವರ ಮುಂದೆ ತುಳು ಆಡಿದರೆ ಕೋಣೆಗೆ ಬಾಗಿಲು ಹಾಕಿಕೊಂಡ ಹಾಗೆ. ಬಂಗಾರೆವ್ವನಿಗೆ ಆ ಭಾಷೆಯ ಒಂದು ಪದವೂ ಬರುತ್ತಿರಲಿಲ್ಲ. 'ಬಂಗುಡೆ' ಎಂಬ ಮಾತು ಮಾತ್ರ ಮತ್ತೆ ಮತ್ತೆ ಕೇಳಿತು. ಅದು ಅವರ ಕಡೆಯ ಮೀನೆಂದು ಅವಳಿಗೆ ಗೊತ್ತಿತ್ತು. ಅಲ್ಲಿಯೂ ಮೀನು ಸಿಗುತ್ತದೋ ಇಲ್ಲವೋ ಎಂದು ಮಾತಾಡುತ್ತಿದ್ದಾರೆಂದುಕೊಂಡಳು. ವಿಮಲಾ ನಕ್ಷೆಯಲ್ಲಿ ಒಂದು ಕೋಣೆಯನ್ನು ಬೆರಳಿನಿಂದ ತಟ್ಟಿದಳು. ನೀತಾ ಏನೋ ಕೇಳಿದಳು. "ಮಲ್ಲೆ ಇಜ್ಜಿ," ಎಂದು ಜಯರಾಜ್ ಪರವಾಗಿಲ್ಲವೆಂಬಂತೆ ಕೈ ಬೀಸಿದ. ಮೂವರೂ ನಕ್ಕರು.

ಕಾರ್ಪೆಟ್ಟಿನ ಮೇಲೆ ಪೋಕೆಮಾನ್ ಕಾರ್ಡು ಹರಡಿಕೊಂಡಿದ್ದ ಆಶ್ರಿತಾ ತಲೆ ಎತ್ತಿದಳು.

"ದಟ್ಸ್ ನಾಟ್ ಫೇರ್!"

ಇಲ್ಲಿ ಹುಟ್ಟಿದ ಮಕ್ಕಳಿಗೆ ಮನೆಯ ಭಾಷೆ ಕಿವಿಗೆ ಪೂರ್ತಿ ಹೋಗುತ್ತದೆ, ಬಾಯಿಂದ ಇಂಗ್ಲಿಷಾಗಿ ಬರುತ್ತದೆ. ಇದನ್ನು ಹೆತ್ತವರು ನೆಂಟರೆದುರು ದೊಡ್ಡ ದುಃಖವೆಂಬಂತೆ ಹೇಳಿಕೊಳ್ಳುತ್ತಾರೆ. ಅದರ ಅಪಾಯವನ್ನು ಮಾತ್ರ ಯೋಚಿಸಿರುವುದಿಲ್ಲ. ಹುಡುಗಿ ಕೋರ್ಟಿನ ದುಭಾಷಿಯ ಹಾಗೆ, ಕೇಳಿಸಿಕೊಂಡದ್ದನ್ನು ಒಂದೊಂದಾಗಿ ಸ್ಪಷ್ಟ ಇಂಗ್ಲಿಷಿನಲ್ಲಿ ಎತ್ತಿ ಹೇಳಿದಳು. ಬಂಗಾರಿ ಆಂಟಿಗೆ ನೀರಿನಲ್ಲಿ ಇಳಿಯಬೇಕೆಂದು ತುಂಬ ಆಸೆ, ನನಗೆ ಅವರೇ ಹೇಳಿದ್ದಾರೆ. ಮಧ್ಯಾಹ್ನಕ್ಕೂ ರಾತ್ರಿಗೂ ಅವರೇ ಅಡಿಗೆ ಮಾಡಬೇಕೆಂದರೆ ಇಳಿಯುವುದು ಯಾವಾಗ? ಕಿಟಕಿಯೇ ಇಲ್ಲದ ಆ ಕೋಣೆ ಅವರಿಗೆ ಯಾಕೆ? ಅವರು ಸುಮ್ಮನೆ ಕೂತರೆ ಬೋರು ಹೊಡೆಸುತ್ತಾರೆ, ಕೆಲಸ ಕೊಟ್ಟರೆ ಒಳ್ಳೆಯದು ಅಂತ ಯಾಕೆ ಹೇಳಿದ್ದು? ಕಡೆಯದಾಗಿ ಒಂದು ಪ್ರಶ್ನೆ, ಅದರಲ್ಲಿ ನಿಜವಾದ ಕುತೂಹಲವಿತ್ತು: ಅವರನ್ನು ಬಂಗುಡೆ ಅಂತ ಕರೆಯೋದು ಯಾಕೆ, ಅವರು ಮೀನೇ ತಿನ್ನೋದಿಲ್ಲವಲ್ಲ?

ಎಣ್ಣೆಯಲ್ಲಿ ಹಪ್ಪಳವೊಂದು ಕಪ್ಪಾಯಿತು.

"ಅಯ್ಯೋ, ಈ ಮಕ್ಕಳ ತುಳು!" ಎಂದಳು ವಿಮಲಾ, ಎದ್ದು ನಿಂತು. "ಒಂದು ಹೇಳಿದ್ರೆ ಇನ್ನೊಂದು ತಿಳ್ಕೊಳ್ತವೆ. ಬಂಗಾರಿ, ನೀವು ಬೇಜಾರು ಮಾಡ್ಕೊಳ್ಬೇಡಿ. ಬಂಗುಡೆ ಅಂದ್ರೆ ನಮಗೆಲ್ಲ ತುಂಬಾ ಪ್ರೀತಿ."

"ಹೌದ್ರೀ?" ಎಂದಳು ಬಂಗಾರೆವ್ವ.

"ಮತ್ತೆ! ನಮ್ಮೂರಲ್ಲಿ ಅದಿಲ್ಲದೆ ಊಟವೇ ಇಲ್ಲ."

ಬಂಗಾರೆವ್ವ ಸುಟ್ಟ ಹಪ್ಪಳವನ್ನು ತೆಗೆದು ಬದಿಗಿಟ್ಟಳು. ಒಲೆ ಆರಿಸಿದಳು. ಕೈ ಒರೆಸಿಕೊಂಡು ಪರ್ಸು ತೆರೆದಳು. ಮಡಿಸಿದ ಕಾಗದ ಬೆರಳಿಗೆ ತಾಗಿತು. ಅದರ ಪಕ್ಕದಲ್ಲಿದ್ದ ಕರವಸ್ತ್ರವನ್ನು ತೆಗೆದು ಹಣೆ ಒರೆಸಿಕೊಂಡು ಪರ್ಸು ಮುಚ್ಚಿದಳು.

"ಅಕ್ಕಾರ," ಎಂದಳು. "ಫೈಲಿಗೆ ಸ್ಪೈರಲ್ ಹಾಕಸಲೇನ್ರಿ? ಚಂದ ಕಾಣತೈತಿ."

ವಾಪಸ್ಸು ಬರುವಾಗ ಫ್ರೀವೇಯಲ್ಲಿ ಮಿಷನ್ ಗುಡ್ಡ ದಾಟಿದ ಮೇಲೆ ಅವಳು ಹೇಳಿದಳು:

"ಅವ್ರು ನನ್ನ ಒಲಿ ಮುಂದ ನಿಂದರಸಾಕ ಕರಕೊಂಡ ಹೊಂಟಾರ್ರಿ."

ಕೇದಾರ ಕನ್ನಡಿ ನೋಡಿ ಲೇನು ಬದಲಿಸಿದ. "ಗೊತ್ತೈತಿ."

"ಗೊತ್ತೈತಿ?"

"ಜಯರಾಜ್ ಮೊದಲ ಕೇಳಿದ್ದ. ನಿಮ್ಮ ಮನಿಯವ್ರು ಅಡಿಗಿ ಸಂಭಾಳಸ್ತಾರಲ್ಲ ಅಂತ. ಹೂಂ ಅಂದೆ. ಅದರಾಗೇನು, ಇಲ್ಲೆ ಮಾಡಾಂಗಿಲ್ಲೇನ್ ನೀ? ಅಲ್ಲೆ ಸಮುದ್ರದ ಗಾಳಿಯಾಗ ಮಾಡಿದ್ರಾತು." ಮತ್ತೆ ಕನ್ನಡಿ ನೋಡಿ, "ಕಂಪನಿ ಐಪಿಓ ಆಗೂ ಮಟ ಸುಮ್ನಿರು, ಬಂಗಾರಿ," ಎಂದ.

ಅವಳು ಸುಮ್ಮನಾದಳು. ಸುಮ್ಮನಿರುವುದರಲ್ಲಿ ಅವಳಿಗೆ ಆರು ವರ್ಷದ ಸರ್ವೀಸು ಇತ್ತು.

ಮುಂದಿನ ಎರಡು ವಾರ ಅವಳು ಫೈಲು ಮಾಡಿದಳು. ಅಂಥ ಫೈಲನ್ನು ಗದಗ ಜಿಲ್ಲೆ ಕಂಡಿರಲಿಲ್ಲ. ಮೊದಲ ಪುಟ ಪುಟಗಳ ಪಟ್ಟಿ. ಆಮೇಲೆ ಟಿಕೆಟ್ಟು, ಮನೆಯ ಬಾಡಿಗೆ ಪತ್ರ, ನಕ್ಷೆ, ಬಸ್ಸಿನ ವೇಳೆ, ಡಾಕ್ಟರ ವಿಳಾಸ, 'ನೀರು', 'ಬಿಲ್ಲು', 'ನಿಲ್ಲಿಸಿ' ಎಂಬುದಕ್ಕೆ ಗ್ರೀಕ್ ಮಾತುಗಳು, ಮುಂದುವರಿಕೆಯ ಕಾಗದದ ಪ್ರತಿ. ಹದಿನೇಳನೆಯ ಪುಟದಲ್ಲಿ ಸರ್ಕಾರದ ನಿಯಮ. ಗೆರೆ ಎಳೆದದ್ದು ಹಾಗೆಯೇ ಇತ್ತು. ಪುಟದ ಕೆಳಗೆ ಮೂಲೆಯಲ್ಲಿ ತಾರೀಕು ಹಾಕಿ ಸಹಿ ಮಾಡಿದ್ದಳು. ಪಟ್ಟಿಯಲ್ಲಿ ಅದರ ಎದುರು 'ಮರುಪ್ರವೇಶ: ಓದಿಕೊಳ್ಳುವುದು' ಎಂದು ಬರೆದಿದ್ದಳು. ಹದಿನೆಂಟನೆಯದು ಖಾಲಿ, ಟಿಪ್ಪಣಿಗೆ.

ಜುಲೈ ಹದಿನೈದಕ್ಕೆ ಫೈಲುಗಳನ್ನು ಹಂಚಿದಳು. "ವಾಹ್!" ಎಂದಳು ನೀತಾ, ಸ್ಪೈರಲ್ ಸವರುತ್ತ. "ಏನು ಪ್ರೊಫೆಷನಲ್!" ಜಯರಾಜ್ ತೂಕ ನೋಡಿ ಮೆಚ್ಚಿ ಮೇಜಿನ ಮೇಲೆ ಇಟ್ಟ. ಕ್ರೇಯಾನು ಹಿಡಿದು ಕೂತಿದ್ದ ಆಶ್ರಿತಾ ಮಾತ್ರ ಅದನ್ನು ಎಳೆದುಕೊಂಡು ಪುಟ ಪುಟವೂ ತಿರುವಿದಳು. ಹದಿನೇಳನೆಯದರ ಅಂಚಿನಲ್ಲಿ ಜಾಗವಿತ್ತು. ಅಲ್ಲಿ ಒಂದು ಕಿತ್ತಳೆ ಬಣ್ಣದ ಮೀನು ಬರೆದಳು. ಯಾರಾದರೂ ನೋಡುತ್ತಾರೆಯೇ ಎಂದು ಬಂಗಾರೆವ್ವ ಒಂದು ನಿಮಿಷ ಕಾದಳು. ಆ ಒಂದು ನಿಮಿಷ ಅವಳು ಪ್ರಾಮಾಣಿಕವಾಗಿಯೇ ಕಾದಳೆಂದು ಹೇಳಬೇಕು. ಆಮೇಲೆ ಪಾತ್ರೆ ತೊಳೆಯಲು ಎದ್ದಳು.

ಆಗಸ್ಟ್ ಹನ್ನೆರಡಕ್ಕೆ ಏಳು ಜನವೂ ಹೊರಟರು.

ದ್ವೀಪ ಫೋಟೋದಲ್ಲಿದ್ದಂತೆಯೇ ಇತ್ತು. ಅಡಿಗೆಮನೆ ಗುಡ್ಡದ ಕಡೆಗಿತ್ತು. ಮೊದಲ ದಿನ ಕುಕ್ಕರು ಸೀಟಿ ಹೊಡೆದಾಗ ಪಕ್ಕದ ಮನೆಯ ಮುದುಕಿ ಗ್ಯಾಸು ಸಿಡಿಯಿತೆಂದು ಬೆಕ್ಕನ್ನೆತ್ತಿಕೊಂಡು ಬೀದಿಗೆ ಓಡಿದಳು. ಎರಡನೆಯ ದಿನ ಅವಳಿಗೂ ಅಭ್ಯಾಸವಾಯಿತು. ಬಂಗಾರೆವ್ವ ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಬೇಳೆ, ರಾತ್ರಿ ಚಪಾತಿ ಮಾಡಿದಳು. ಉಳಿದವರು ಉಪ್ಪುಗಟ್ಟಿದ ಕೂದಲಲ್ಲಿ ಬಂದು ಉಂಡು, "ಬಂಗಾರಿ ಇಲ್ಲದಿದ್ರೆ ನಮ್ಮ ಗತಿ!" ಎಂದು ಮಲಗಿದರು. ಆರನೆಯ ದಿನ ಅವಳು ಬೇಳೆ ಇಟ್ಟು, "ಅಕ್ಕಾರ, ನಾಕು ಸೀಟಿಗೆ ಬಂದ್ ಮಾಡ್ರಿ," ಎಂದು ವಿಮಲಾಳಿಗೆ ಹೇಳಿ, ಆಶ್ರಿತಾಳ ಕೈ ಹಿಡಿದು ಇಳಿದು ಹೋದಳು. ಚೂಡಿದಾರದಲ್ಲೇ ಸೊಂಟದ ಮಟ ನೀರಿನಲ್ಲಿ ಇಪ್ಪತ್ತು ನಿಮಿಷ ನಿಂತಳು. ನೀರು ಬೆಚ್ಚಗಿತ್ತು. ಹುಡುಗಿ ಶಾಲೆಯ ಕಥೆ ಹೇಳುತ್ತಿದ್ದಳು. ಬಾಲ್ಕನಿಯಲ್ಲಿ ಕೂತಿದ್ದ ನಾಲ್ವರ ಕಡೆ ಬಂಗಾರೆವ್ವ ಒಮ್ಮೆ ನೋಡಿದಳು. ಎಲ್ಲರೂ ಚಂದ ಕಾಣುತ್ತಿದ್ದರು. ಬೇಳೆ ತಳ ಹಿಡಿಯಿತು. "ನಾಲ್ಕೋ ಐದೋ, ಯಾರು ಲೆಕ್ಕ ಇಡ್ತಾರೆ?" ಎಂದು ವಿಮಲಾ ಮುಖ ಸಿಂಡರಿಸಿದಳು.

ಹೊರಡುವ ದಿನ ಜಾಗ ಸಾಲದೆ ಕುಕ್ಕರು ವಿಮಲಾಳ ಸೂಟ್‌ಕೇಸಿಗೆ ಹೋಯಿತು.

ಅಥೆನ್ಸ್ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೇದಾರ, ಬಂಗಾರೆವ್ವ ಮೊದಲು ನಿಂತಿದ್ದರು. ಅವರಿಗೆ ಬೋರ್ಡಿಂಗ್ ಪಾಸು ಸಿಕ್ಕಿತು. ಮುಂದೆ ಜಯರಾಜ್. ಕೌಂಟರಿನ ಹೆಂಗಸು ಅವನ ಪಾಸ್‌ಪೋರ್ಟನ್ನು ಎರಡು ಸಲ ತಿರುವಿ ತಲೆ ಅಲ್ಲಾಡಿಸಿದಳು. ಅಮೆರಿಕದ ವೀಸಾ ಮುಗಿದಿದೆ, ವಿಮಾನ ಹತ್ತಿಸುವಂತಿಲ್ಲ. ಜಯರಾಜ್ ನಕ್ಕ. ಮೂವತ್ತು ದಿನದ ನಿಯಮ ವಿವರಿಸಿದ. ಅವಳು ತಲೆ ಅಲ್ಲಾಡಿಸಿದಳು. ಅವನು ದನಿ ಏರಿಸಿ, ತನ್ನ ಬಳಿ ಎಲ್ಲ ದಾಖಲೆ ಇದೆಯೆಂದು ಸ್ಪೈರಲ್ ಫೈಲನ್ನು ಕೌಂಟರಿನ ಮೇಲೆ ಠಪ್ಪನೆ ಇಟ್ಟ.

ಅವಳು ಅವಸರವಿಲ್ಲದೆ ಮೊದಲ ಪುಟದ ಪಟ್ಟಿಯಲ್ಲಿ ಬೆರಳಾಡಿಸಿದಳು. ಕನ್ನಡ ಅಕ್ಷರ ತಿಳಿಯದೆ ಪುಟ ಮಗುಚುತ್ತ ಹೋಗಿ ಹದಿನೇಳಕ್ಕೆ ಬಂದಳು. ಓದಿದಳು. ಕಿತ್ತಳೆ ಮೀನನ್ನು ಕಂಡು ಒಂದು ಚೂರು ನಕ್ಕಳು. ಆಮೇಲೆ ಫೈಲನ್ನು ಜಯರಾಜನ ಕಡೆಗೆ ತಿರುಗಿಸಿ, ಗೆರೆ ಎಳೆದ ಎರಡು ಹೆಸರುಗಳ ಮೇಲೆ ಬೆರಳಿಟ್ಟಳು.

ಜಯರಾಜ್ ಓದಿದ. ವಿಮಲಾ ಅವನ ಭುಜದ ಮೇಲಿಂದ ಬಗ್ಗಿ ಓದಿದಳು, ಕೆಳಗಿನ ಸಹಿಯವರೆಗೂ.

"ಗೊತ್ತಿತ್ತಾ ನಿನಗೆ?" ಎಂದು ಬಂಗಾರೆವ್ವನ ಕಡೆ ತಿರುಗಿದಳು.

"ಬರದು ಕೊಟ್ಟಿದ್ದೆನ್ರಿ ಅಕ್ಕಾರ."

"ಬಾಯಿ ಬಿಟ್ಟು ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು?"

"ಜೂನ್‌ನ್ಯಾಗ ಹೇಳಿದ್ದೆನ್ರಿ. ಅರ್ಥ ಮಾಡಕೊಳ್ಳೂದು ನಿಮಗ ಬಿಡಬೇಕಂತ ಅಣ್ಣಾರು ಅಂದ್ರು. ಆಮ್ಯಾಲೆ ನೀವು ಕೇಳಲಿಲ್ಲ."

ನೀತಾ ಅಲ್ಲೇ ಟ್ರಾಲಿಯ ಮೇಲೆ ಕುಸಿದು ಅಳತೊಡಗಿದಳು. ಅಜಿತ್ ಯಾರಿಗೋ ಫೋನು ಮಾಡಲು ಚಿಲ್ಲರೆ ಹುಡುಕಿದ. ಇಂಡಿಯಾಕ್ಕೆ ಹೋಗಿ ಹೊಸ ಸ್ಟ್ಯಾಂಪು ಹಾಕಿಸಿಕೊಂಡೇ ಬರಬೇಕೆಂದು ಅರ್ಧ ಗಂಟೆಯಲ್ಲಿ ಸ್ಪಷ್ಟವಾಯಿತು. ಅದರ ನಂತರ ಇನ್ನೊಂದು ವಿಷಯವೂ ಸ್ಪಷ್ಟವಾಯಿತು. ಆಶ್ರಿತಾ ಅಮೆರಿಕದವಳು. ಅವಳನ್ನು ಇಂಡಿಯಾಕ್ಕೆ ಕರೆದೊಯ್ಯಲು ಅವಳಿಗೆ ಇಂಡಿಯಾದ ವೀಸಾ ಬೇಕು. ಅದು ಇರಲಿಲ್ಲ. ಮುಂದಿನ ವಾರ ಅವಳ ಶಾಲೆ ಶುರು.

ಫೈಲಿನಲ್ಲಿ ಈ ಪುಟ ಇರಲಿಲ್ಲ. ಬಂಗಾರೆವ್ವ ನಾಲ್ವರ ಲೆಕ್ಕ ಇಟ್ಟಿದ್ದಳು. ನೀಲಿ ಪಾಸ್‌ಪೋರ್ಟಿಗೆ ಅರ್ಜಿಯೇ ಬೇಕಿಲ್ಲವೆಂದು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ವಿಮಲಾ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

"ಬಂಗಾರೆವ್ವಾ," ಎಂದಳು. ಪೂರ್ತಿ ಹೆಸರು, ಮೊದಲ ಸಲ. "ಮಗುವನ್ನು ಕರ್ಕೊಂಡು ಹೋಗ್ತೀರಾ? ನಾವು ಬರುವವರೆಗೆ ನೋಡ್ಕೊಳ್ತೀರಾ?"

ಬಂಗಾರೆವ್ವ ಕೈ ಬಿಡಿಸಿಕೊಂಡು ಫೈಲು ತೆರೆದು ಹದಿನೆಂಟನೆಯ ಪುಟ ಬಿಚ್ಚಿದಳು.

"ಬರದು ಕೊಡ್ರಿ," ಎಂದಳು. "ಇಬ್ಬರದೂ ಸಹಿ ಬೇಕು."

ವಿಮಲಾ ಬರೆದಳು. ಅವಳ ಅಕ್ಷರ ಸೊಟ್ಟಗಾಗಿ, ಎರಡು ಕಡೆ ಶಾಯಿ ಹರಡಿತು. ಬಂಗಾರೆವ್ವ ಓದಿ, ತಾರೀಕು ಬಿಟ್ಟುಹೋಗಿದೆಯೆಂದು ತೋರಿಸಿ, ಹಾಕಿಸಿಕೊಂಡಳು.

ವಿಮಾನದಲ್ಲಿ ಆಶ್ರಿತಾ ಅವಳ ಮತ್ತು ಕೇದಾರನ ನಡುವೆ ಕೂತಳು. ಅಟ್ಲಾಂಟಿಕ್ ಮುಗಿಯುವವರೆಗೂ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು:

"ಡಿಡ್ ಯು ನೋ, ಆಂಟಿ?"

"ಹೂಂ ಅವ್ವಾ," ಎಂದಳು ಬಂಗಾರೆವ್ವ.

ಹುಡುಗಿ ಕಿಟಕಿಯ ಕಡೆ ತಿರುಗಿದಳು. ಅವಳಿಗೆ ಕನ್ನಡವೂ ಅರ್ಥವಾಗುತ್ತಿತ್ತು.

ಜಯರಾಜನ ಕೆಲಸವನ್ನು ಕಂಪನಿ ಕೇದಾರನಿಗೆ ವಹಿಸಿತು. ಅವನು ಮನೆಗೆ ಬರುವುದು ಇನ್ನೂ ತಡವಾಯಿತು. ಆಶ್ರಿತಾ ಬೆರ್ರಿಯೆಸಾದಲ್ಲಿ ಐವತ್ತೆರಡು ದಿನ ಇದ್ದಳು, ರೊಟ್ಟಿ ತಿಂದಳು, ಬಂಗಾರೆವ್ವನೊಂದಿಗೆ ಅಗತ್ಯವಿದ್ದಷ್ಟು ಮಾತ್ರ ಮಾತಾಡಿದಳು. ಜಯರಾಜ್, ವಿಮಲಾ, ಅಜಿತ್, ನೀತಾ ಚೆನ್ನೈಯಲ್ಲಿ ಸ್ಟ್ಯಾಂಪು ಹಾಕಿಸಿಕೊಂಡು ಅಕ್ಟೋಬರ್ ಹತ್ತಕ್ಕೆ ವಾಪಸ್ಸು ಬಂದರು. ಕುಕ್ಕರು ಉಡುಪಿಯಲ್ಲಿ, ವಿಮಲಾಳ ತವರುಮನೆಯಲ್ಲಿ ಉಳಿಯಿತು.